ಪಯಣದ ಮುನ್ನ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಇವೆರಡನ್ನೂ ಬೇರೆ ಬೇರೆ ಕೆಲಸಗಳೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ದೂರದ ಪಯಣಕ್ಕೆ ಸಿದ್ಧತೆ ನಡೆಸುವವನಿಗೆ ಇವೆರಡೂ ಒಂದೇ ಆಗಿಬಿಡುತ್ತವೆ. ಕಾಲು ಹೊಸ್ತಿಲನ್ನು ದಾಟುವುದಕ್ಕೆ ಎಷ್ಟೋ ದಿನ ಮೊದಲೇ ಅವನ ಕಣ್ಣು ಭೂಪಟದ ಮೇಲೆ ನಡೆಯತೊಡಗುತ್ತದೆ. ಈಚಿನ ದಿನಗಳಲ್ಲಿ ನನ್ನ ಕಣ್ಣು ನಡೆಯುತ್ತಿರುವುದು ಅಮೆರಿಕದ 66ನೆಯ ಸಂಖ್ಯೆಯ ಹಳೆಯ ಹೆದ್ದಾರಿಯ ಮೇಲೆ.

ಶಿಕಾಗೊ ನಗರದಲ್ಲಿ ನೆಲೆಸಿರುವ ನನ್ನ ಮಗಳು, ಆ ದಾರಿಯಲ್ಲಿ ಎಲ್ಲರೂ ಕೂಡಿ ಕಾರಿನಲ್ಲಿ ಹೋಗಿಬರೋಣವೆಂದು ಕರೆದಿದ್ದಾಳೆ. ಎಲ್ಲೆಲ್ಲಿ ಇಳಿಯಬೇಕು, ಏನೇನು ನೋಡಬೇಕು ಎಂಬುದನ್ನು ಗೊತ್ತುಮಾಡುವ ಹೊಣೆ ನನ್ನದು. 1926ರಲ್ಲಿ ಸರ್ಕಾರದ ಪಟ್ಟಿಗೆ ಸೇರಿದ ಈ ಹೆದ್ದಾರಿ ಶಿಕಾಗೊದಿಂದ ಹೊರಟು, ಎಂಟು ರಾಜ್ಯಗಳನ್ನು ಹಾಯ್ದು, ಪೆಸಿಫಿಕ್ ಸಾಗರದ ತೀರದ ಸಾಂತಾ ಮೋನಿಕಾ ಪಟ್ಟಣವನ್ನು ಮುಟ್ಟುತ್ತಿತ್ತು. ಉದ್ದ ಸುಮಾರು 3,940 ಕಿಲೋಮೀಟರು. ದಿನಕ್ಕೆ 280 ಕಿಲೋಮೀಟರಿನಂತೆ ಸಾಗಿದರೆ ಹದಿನಾಲ್ಕು ದಿನಗಳ ದಾರಿ.

ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಚಳಿಗಾಲದಲ್ಲಿ ಹೊರಟರೆ ಎತ್ತರದ ಫ್ಲ್ಯಾಗ್‌ಸ್ಟಾಫ್ ಪಟ್ಟಣದಲ್ಲಿ ಹಿಮ ಸುರಿಯುತ್ತದೆ. ಬೇಸಗೆಯಲ್ಲಿ ಹೊರಟರೆ ಮೊಹಾವಿ ಮರುಭೂಮಿ ಕೆಂಡದಂತೆ ಕಾಯುತ್ತದೆ. ಆದ್ದರಿಂದ ಶರತ್ಕಾಲವೇ ಲೇಸು. ಪಶ್ಚಿಮಕ್ಕೆ ಸಾಗುತ್ತ ಗಡಿಯಾರವನ್ನು ಒಟ್ಟು ಎರಡು ಗಂಟೆ ಹಿಂದಕ್ಕೆ ತಿರುಗಿಸಬೇಕು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ನಾವು ಹೋಗಬೇಕಾದ ಹೆದ್ದಾರಿಯೇ ಈಗ ಅಧಿಕೃತವಾಗಿ ಇಲ್ಲ! 1956ರ ಕಾಯಿದೆಯಂತೆ ಅಮೆರಿಕದಲ್ಲಿ ವಿಶಾಲವಾದ ವೇಗದ ಹೆದ್ದಾರಿಗಳು ನಿರ್ಮಾಣವಾದುವು. ಅವು ಒಂದೊಂದಾಗಿ ಹಳೆಯ ದಾರಿಯ ಸ್ಥಾನವನ್ನು ಆಕ್ರಮಿಸಿದುವು. 1985ರಲ್ಲಿ 66ನೆಯ ಹೆದ್ದಾರಿಯನ್ನು ಪಟ್ಟಿಯಿಂದಲೇ ತೆಗೆದುಹಾಕಿದರು. ಈಗ ಅಲ್ಲಲ್ಲಿ ಉಳಿದಿರುವ ಹಳೆಯ ತುಂಡುಗಳನ್ನು ಭೂಪಟದಲ್ಲಿ ಹುಡುಕಿ, ಮಾಲೆಯಂತೆ ಪೋಣಿಸಿಕೊಂಡು ಹೋಗಬೇಕು.

ನನ್ನ ಮೊಮ್ಮಗ ಒಂದು ದಿನ ದೂರವಾಣಿಯಲ್ಲಿ ಕೇಳಿದ: “ಅಜ್ಜ, ವಿಮಾನದಲ್ಲಿ ನಾಲ್ಕೈದು ಗಂಟೆಗಳಲ್ಲಿ ಹೋಗಬಹುದಲ್ಲ, ಹದಿನಾಲ್ಕು ದಿನ ಏಕೆ?”

ನಾನು ಅವನಿಗೆ ಅರಿಜೋನ ರಾಜ್ಯದ ಸೆಲಿಗ್ಮನ್ ಎಂಬ ಸಣ್ಣ ಊರಿನ ಕಥೆಯನ್ನು ಹೇಳಿದೆ. 1978ರ ಸೆಪ್ಟೆಂಬರ್ ತಿಂಗಳ ಒಂದು ದಿನ ಹೊಸ ಹೆದ್ದಾರಿ ತೆರೆಯಿತು. ಅಂದಿನಿಂದ ವಾಹನಗಳು ಊರಿನತ್ತ ತಿರುಗಿಯೂ ನೋಡದೆ ದೂರದಿಂದಲೇ ಹೊರಟುಹೋದುವು. ಅಂಗಡಿಗಳಿಗೆ ಗಿರಾಕಿಗಳಿಲ್ಲದಾಯಿತು. ಆ ಊರಿನ ಕ್ಷೌರಿಕ ಏಂಜೆಲ್ ಡೆಲ್ಗಡಿಯೊ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. 1987ರಲ್ಲಿ ನೆರೆಹೊರೆಯವರನ್ನು ಕೂಡಿಸಿ ಸಂಘವೊಂದನ್ನು ಕಟ್ಟಿ, ಆ ಹಳೆಯ ದಾರಿಯನ್ನು ಐತಿಹಾಸಿಕ ರಸ್ತೆಯೆಂದು ಅರಿಜೋನ ಸರ್ಕಾರ ಘೋಷಿಸುವಂತೆ ಮಾಡಿದರು. ಪ್ರವಾಸಿಗಳು ಮತ್ತೆ ಬಂದರು, ಊರು ಉಳಿಯಿತು. ವಿಮಾನದಲ್ಲಿ ಕುಳಿತವನಿಗೆ ಇಂತಹ ಊರು ಕಾಣುವುದೇ ಇಲ್ಲ.

ಆದರೆ ಈ ದಾರಿಯ ಚರಿತ್ರೆಯನ್ನು ಓದುತ್ತ ಹೋದಂತೆ, ನನ್ನ ಸಿದ್ಧತೆ ಎಷ್ಟು ಹಗುರವಾದುದೆಂಬುದು ಮನಸ್ಸಿಗೆ ಬಂದಿತು. ನನಗಿಂತ ಮೊದಲು ಬೇರೆಯವರೂ ಇದೇ ದಾರಿಗೆ ಸಿದ್ಧತೆ ಮಾಡಿಕೊಂಡಿದ್ದರು.

1930ರ ದಶಕದಲ್ಲಿ ಮಳೆ ಕೈಕೊಟ್ಟು, ಒಕ್ಲಹೋಮ ಮುಂತಾದ ರಾಜ್ಯಗಳ ಹೊಲಗಳ ಮೇಲ್ಮಣ್ಣು ಧೂಳಾಗಿ ಹಾರಿಹೋಯಿತು. ನೆಲ ಕಳೆದುಕೊಂಡ ರೈತರು ಹಾಸಿಗೆ, ಪಾತ್ರೆ, ಮಕ್ಕಳುಮರಿಗಳನ್ನು ಹಳೆಯ ಕಾರುಗಳಲ್ಲಿ ಹೇರಿಕೊಂಡು ಕ್ಯಾಲಿಫೋರ್ನಿಯದತ್ತ ಹೊರಟರು. ಅವರು ಎಣಿಸಿಕೊಂಡದ್ದು ನೋಡಬೇಕಾದ ತಾಣಗಳನ್ನಲ್ಲ. ಉಳಿದಿದ್ದ ಕಾಸು ಎಷ್ಟು ದಿನದ ರೊಟ್ಟಿಗೆ, ಎಷ್ಟು ಮೈಲಿಯ ಪೆಟ್ರೋಲಿಗೆ ಸಾಲುತ್ತದೆಂಬುದನ್ನು. ಮರುಭೂಮಿಯ ಬಿಸಿಲಿಗೆ ಅಂಜಿ ಅದನ್ನು ರಾತ್ರಿಯಲ್ಲಿ ದಾಟುತ್ತಿದ್ದರು. 1936ರಲ್ಲಿ ಲಾಸ್ ಏಂಜಲಿಸ್ ಪೊಲೀಸರು ರಾಜ್ಯದ ಗಡಿಯಲ್ಲಿಯೇ ನಿಂತು, ಕೈಯಲ್ಲಿ ಹಣವಿಲ್ಲದವರನ್ನು ಹಿಂದಕ್ಕೆ ಅಟ್ಟಿದ್ದೂ ಉಂಟು. ಜಾನ್ ಸ್ಟೈನ್‌ಬೆಕ್ ಈ ಜನರ ಬಾಳನ್ನು 1939ರ ತನ್ನ ಕಾದಂಬರಿಯಲ್ಲಿ ಚಿತ್ರಿಸಿ, ಈ ಹೆದ್ದಾರಿಯನ್ನು ‘ತಾಯಿ ದಾರಿ’ ಎಂದು ಕರೆದನು.

ಆ ತಾಯಿಯೂ ಎಲ್ಲ ಮಕ್ಕಳನ್ನು ಒಂದೇ ಸಮನಾಗಿ ಕಾಣಲಿಲ್ಲ. ದಾರಿಯುದ್ದಕ್ಕೂ ಎಷ್ಟೋ ತಂಗುದಾಣಗಳು ಕಪ್ಪು ವರ್ಣದವರಿಗೆ ಕೋಣೆ ಕೊಡುತ್ತಿರಲಿಲ್ಲ. ಎಷ್ಟೋ ಭೋಜನಾಲಯಗಳು ಊಟ ಬಡಿಸುತ್ತಿರಲಿಲ್ಲ. ಸೂರ್ಯ ಮುಳುಗಿದ ಮೇಲೆ ಅವರು ಕಾಲಿಡಕೂಡದೆಂಬ ಊರುಗಳೂ ಇದ್ದುವು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಅಂಚೆಯ ನೌಕರನು 1936ರಲ್ಲಿ ಒಂದು ಕೈಪಿಡಿಯನ್ನು ಪ್ರಕಟಿಸಿದನು. ಕಪ್ಪು ವರ್ಣದ ಪಯಣಿಗರು ನಿರ್ಭಯವಾಗಿ ಇಳಿಯಬಹುದಾದ ಮನೆ, ಹೋಟೆಲು, ಪೆಟ್ರೋಲ್ ಬಂಕುಗಳ ಪಟ್ಟಿ ಅದರಲ್ಲಿ ವರ್ಷವರ್ಷವೂ ಬೆಳೆಯಿತು. ಆ ಕೈಪಿಡಿಯನ್ನು ಹಿಡಿದು, ಬುತ್ತಿ, ಹೊದಿಕೆ, ಹೆಚ್ಚಿನ ಪೆಟ್ರೋಲನ್ನು ಕಾರಿನಲ್ಲಿಟ್ಟುಕೊಂಡು ತಂದೆತಾಯಿಗಳು ಹೊರಡುತ್ತಿದ್ದರು. ಇಂತಹ ಪುಸ್ತಕವೇ ಬೇಡವಾಗುವ ದಿನ ಬರಲೆಂದು ಅದರ ಸಂಪಾದಕರೇ ಹಾರೈಸಿದ್ದರು. 1964ರ ನಾಗರಿಕ ಹಕ್ಕುಗಳ ಕಾಯಿದೆ ಹೋಟೆಲುಗಳಲ್ಲಿ ವರ್ಣಭೇದವನ್ನು ನಿಷೇಧಿಸಿತು. ಅನಂತರದ ಕೆಲವೇ ವರ್ಷಗಳಲ್ಲಿ ಆ ಕೈಪಿಡಿ ನಿಂತುಹೋಯಿತು. ಪುಸ್ತಕವೊಂದು ನಿಂತುಹೋದುದಕ್ಕೆ ಸಂತೋಷಪಡಬೇಕಾದ ಸಂದರ್ಭ ಅಪರೂಪ. ಇದು ಅಂತಹ ಒಂದು.

ದಾರಿ ಒಂದೇ, ಹೊರಟವರು ಮೂರು ಬಗೆ. ಒಬ್ಬರನ್ನು ಹಸಿವು ಹೊರಡಿಸಿತು. ಇನ್ನೊಬ್ಬರ ಜೊತೆಯಲ್ಲಿ ಅಂಜಿಕೆ ಪಯಣಿಸಿತು. ನಮ್ಮ ಬಣ್ಣವೂ ಅಲ್ಲಿ ಬಿಳಿಯದಲ್ಲ. ಆದರೂ ಇಂದು ನಮಗೆ ಬೇಕಾದ ಊರಿನಲ್ಲಿ ಕೋಣೆಯನ್ನು ಮುಂಗಡವಾಗಿಯೇ ಗೊತ್ತುಮಾಡುತ್ತಿದ್ದೇವೆ. ಈ ನಿಶ್ಚಿಂತೆ ತಾನಾಗಿ ಬಂದುದಲ್ಲ. ಅದಕ್ಕಾಗಿ ಯಾರೋ ಹೋರಾಡಿದ್ದಾರೆ, ಯಾರೋ ನೊಂದಿದ್ದಾರೆ.

ಇದನ್ನು ತಿಳಿದ ಮೇಲೆ ಪಟ್ಟಿಗೆ ಇನ್ನೊಂದು ತಾಣವನ್ನು ಸೇರಿಸಿದೆ. ಒಕ್ಲಹೋಮದ ಲೂಥರ್ ಎಂಬ ಊರಿನ ಬಳಿ ಥ್ರೆಟ್ ಎಂಬ ಕಪ್ಪು ವರ್ಣದ ಮನೆತನದವರು ನಡೆಸುತ್ತಿದ್ದ ಕಲ್ಲಿನ ಸಣ್ಣ ಪೆಟ್ರೋಲ್ ಬಂಕಿನ ಕಟ್ಟಡವಿದೆ. ಪೆಟ್ರೋಲು ತುಂಬಿಸುವುದಕ್ಕಲ್ಲ, ಹಿಂದೆ ಅಲ್ಲಿ ನಿಟ್ಟುಸಿರು ಬಿಟ್ಟು ದಣಿವಾರಿಸಿಕೊಂಡವರನ್ನು ನೆನೆಯುವುದಕ್ಕೆ ಅಲ್ಲಿ ಕಾರನ್ನು ನಿಲ್ಲಿಸಬೇಕು. ಪಯಣಕ್ಕೆ ಅದರಿಂದ ಅರ್ಧ ದಿನ ಹೆಚ್ಚಾಗಬಹುದು. ಆಗಲಿ.