ಮನೆಯ ಮಾಸ್ತರಿಕೆ

ನನ್ನ ಊರು ಎಲ್ಲೂರು. ಕಾಲೇಜಿಗೆ ಸೇರಿದ ಮೊದಲ ದಿನ ಹಾಜರಿ ಕರೆಯುತ್ತಿದ್ದ ಅಧ್ಯಾಪಕರು “ಯಾವೂರಪ್ಪಾ?” ಎಂದು ಕೇಳಿದರು. “ಎಲ್ಲೂರು ಸಾರ್” ಎಂದೆ. “ಎಲ್ಲ ಊರೂ ನಿನ್ನದೇ ಆದರೆ ನಮಗೆ ಉಳಿದದ್ದು ಯಾವುದಯ್ಯಾ?” ಎಂದು ಅವರು ನಗೆಯಾಡಿದರು. ಗೆಳೆಯರು ಇಂದಿಗೂ ನನ್ನನ್ನು ಕರೆಯುವುದು ಆ ಹೆಸರಿನಿಂದಲೇ. ಕಾಪು ತಾಲೂಕಿನ ಈ ಊರನ್ನು ಹೊರಗಿನವರು ಬಲ್ಲದ್ದು ಎರಡು ಕಾರಣಗಳಿಂದ. ಒಂದು, ವಿಶ್ವೇಶ್ವರ ದೇವರಿಗೆ ನಡೆಯುವ ಎಳನೀರಿನ ಅಭಿಷೇಕ. ಇನ್ನೊಂದು, 600 ಮೆಗಾವಾಟಿನ ಎರಡು ಘಟಕಗಳಿರುವ ಉಷ್ಣವಿದ್ಯುತ್ ಸ್ಥಾವರ. ಎಳನೀರು, ವಿದ್ಯುತ್ತು ಎರಡೂ ಮುಂದೆ ನನ್ನ ಕಥೆಯಲ್ಲಿ ಬರಲಿವೆ; ಆದರೆ ನೀವು ಎಣಿಸಿದ ರೀತಿಯಲ್ಲಲ್ಲ.

ಹೇಳಹೊರಟದ್ದು ನಾನು ಮಾಸ್ತರನಾದ ಸಂಗತಿ. ಶಿಷ್ಯೆ ಒಬ್ಬಳೇ, ಅಕ್ಕನ ಮಗಳು. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತೇವೆ. ಅಳಿಯಕಟ್ಟಿನ ನಾಡಿನಲ್ಲಿ ಸೋದರಮಾವ ಎಂದರೆ ಒಂದು ಗತ್ತು ಉಂಟಷ್ಟೆ. ಮೀಸೆ ಮೂಡುವ ಮೊದಲೇ ಆ ಗತ್ತು ನನ್ನ ತಲೆಗೆ ಏರಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದಿ ಕುಳಿತಿದ್ದ ನಾನು ಜೂನ್ 25ರ ತನಕ ಕಾದು, ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಹೋಗಿ ಬರೆದು ಬಂದೆ. ಪುಟ್ಟಿ ಆ ವರ್ಷ ಒಂದನೆಯ ತರಗತಿಗೆ ಸೇರಬೇಕಾದವಳು. ಹೆಸರೇನೋ ದಾಖಲಾಯಿತು, ಶಾಲೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ರಾಜ್ಯದಲ್ಲಿ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಅವಳು ಎರಡನೆಯ ತರಗತಿಯಲ್ಲಿದ್ದಳು, ಕಾಗದದ ಮೇಲೆ. ಭಾವ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಅಕ್ಕ ಬೀಡಿ ಕಟ್ಟುತ್ತಿದ್ದಳು. ಮನೆಗೆಲ್ಲ ಇದ್ದದ್ದು ಒಂದೇ ಫೋನು. ಪಾಠ ಅದರೊಳಗೆ ಬರುತ್ತಿತ್ತು. ಪಾಠ ಮುಗಿದು ಕಾರ್ಟೂನು ಶುರುವಾಗಲು ಪುಟ್ಟಿಗೆ ಒಂದು ನಿಮಿಷ ಬೇಕಿರಲಿಲ್ಲ. ನಾನು ನೋಡಿಯೂ ಸುಮ್ಮನಿದ್ದೆ. ಅವಳು ಗಲಾಟೆ ಮಾಡದಿದ್ದರೆ ನನ್ನ ಓದಿಗೆ ಅನುಕೂಲವಲ್ಲವೆ? ಈ ತಪ್ಪನ್ನು ಫೋನಿನ ತಲೆಗೆ ಕಟ್ಟಿ ನಾನು ತಪ್ಪಿಸಿಕೊಳ್ಳಲಾರೆ.

ಪರೀಕ್ಷೆ ಮುಗಿದ ಮೇಲೆ ಒಂದು ಸ್ಲೇಟು ತಂದು ಮಾಸ್ತರಿಕೆ ಆರಂಭಿಸಿದೆ. ಮೊದಲ ಜಗಳ ಅಕ್ಕನ ಜೊತೆಗೆ. ಅ ಆ ಇ ಈ ಎಂದು ಶುರುಮಾಡಿ 49 ಅಕ್ಷರಗಳು ಬಾಯಿಗೆ ಬಂದ ಮೇಲೆಯೇ ಮುಂದಿನ ಮಾತು ಎಂಬುದು ಅವಳ ಪಕ್ಷ. ನನ್ನದು ನಲಿಕಲಿಯ ಪಕ್ಷ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹಬ್ಬಿದ ಈ ಕ್ರಮದಲ್ಲಿ ಮೊದಲು ಬರುವುದು ಅ ಆ ಅಲ್ಲ, ‘ರ ಗ ಸ ದ ಅ’. ತಿದ್ದಲು ಸುಲಭವಾದ ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸ ಎಂದು ಮಗು ಮೊದಲ ವಾರದಲ್ಲಿಯೇ ಮಾತುಗಳನ್ನು ಓದಬಲ್ಲುದು. 49 ಅಕ್ಷರಗಳನ್ನು ಹೊತ್ತೂ ಒಂದು ಮಾತನ್ನು ಓದಲಾರದ ಮಗುವಿಗಿಂತ ಐದನ್ನು ಹಿಡಿದು ‘ಗರಗಸ’ ಎಂದು ಕೂಗುವ ಮಗು ಮೇಲೆಂದು ನನಗೆ ಈಗಲೂ ತೋರುತ್ತದೆ. ಪುಟ್ಟಿ ಎರಡು ದಿನ ಕಂಡಕಂಡವರನ್ನೆಲ್ಲ ‘ಅಗಸ’, ‘ಅರಸ’ ಎಂದು ಕರೆದಳು. ಅಕ್ಕ ಸೋತಳು.

ನನ್ನ ಗತ್ತು ಇನ್ನಷ್ಟು ಏರಿತು.

ನಾಲ್ಕು ತಿಂಗಳು ಕಳೆದಿರಬೇಕು. ಚಿತ್ರಗಳಿದ್ದ ಒಂದು ಪುಸ್ತಕವನ್ನು ಕಾಪುವಿನಿಂದ ತಂದಿದ್ದೆ. ಪುಟ್ಟಿ ಅದನ್ನು ಸರಾಗವಾಗಿ ಓದುತ್ತಿದ್ದಳು. ಮನೆಗೆ ಬಂದವರ ಮುಂದೆ ಕುಳ್ಳಿರಿಸಿ ಓದಿಸುವುದು ನನಗೊಂದು ಹೆಮ್ಮೆ. ಒಂದು ಸಂಜೆ ನೆಂಟರಿಷ್ಟರ ಎದುರಿಗೆ ಓದುತ್ತ ಓದುತ್ತ ಒಂದು ಚಿತ್ರದ ಬಳಿ ಬಂದಳು. ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಎಳನೀರು’ ಎಂದಿತ್ತು. ಪುಟ್ಟಿ ಗಟ್ಟಿಯಾಗಿ “ಬೊಂಡ” ಎಂದಳು.

ತುಳುವಿನಲ್ಲಿ ಎಳನೀರಿಗೆ ಬೊಂಡ ಎನ್ನುವುದು. ಬಂದವರು ನಕ್ಕರು. ನನಗೆ ಎದೆ ಧಸಕ್ಕೆಂದಿತು. ಚಿತ್ರದ ಮೇಲೆ ಅಂಗೈ ಇಟ್ಟು “ಈಗ ಓದು” ಎಂದೆ. ಓದಲಿಲ್ಲ. ಹಿಂದಿನ ಪುಟ ತಿರುಗಿಸಿ ಅಲ್ಲಿಯೂ ಚಿತ್ರ ಮುಚ್ಚಿದೆ. ಸಾಲಿನ ನಡುವಿನ ಒಂದು ಮಾತಿಗೆ ಬೆರಳಿಟ್ಟೆ. ಸಾಲಿನ ತುದಿಯ ಮಾತನ್ನು ಹೇಳಿದಳು. ಅವಳು ಓದುತ್ತಿರಲಿಲ್ಲ, ನಾನು ಓದಿಹೇಳಿದ್ದನ್ನು ಚಿತ್ರ ನೋಡಿ ಒಪ್ಪಿಸುತ್ತಿದ್ದಳು. ನಾಲ್ಕು ತಿಂಗಳು ನಾನು ಕಟ್ಟಿದ್ದೆಂದುಕೊಂಡ ಗೋಪುರ ಎಲ್ಲರೆದುರಿಗೆ ಕುಸಿಯಿತು. “ತಪ್ಪು! ಎಲ್ಲ ತಪ್ಪು! ಸುಳ್ಳು ಓದು ಓದುತ್ತೀಯಾ?” ಎಂದು ಅಬ್ಬರಿಸಿ ಪುಸ್ತಕವನ್ನು ಅವಳ ಕೈಯಿಂದ ಕಿತ್ತುಕೊಂಡೆ. ಅವಳು ಅಳಲಿಲ್ಲ. “ಅವು ಬೊಂಡ ಅತ್ತಾ ಮಾಮ?” ಎಂದಳು. ಅದು ಬೊಂಡವೇ ಅಲ್ಲವೆ ಮಾಮ?

ಹೌದು, ಅದು ಬೊಂಡವೇ. ದೇವರಿಗೆ ಎಳನೀರಿನ ಅಭಿಷೇಕ ನಡೆಯುವ ಊರಿನ ಮಗು, ಕಂಡದ್ದನ್ನು ಕಂಡ ಹಾಗೆ ಹೇಳಿತ್ತು. ನನ್ನ ಸಿಟ್ಟು ಮಗುವಿನ ಮೇಲಲ್ಲ, ನೆಂಟರ ಎದುರಿಗೆ ಹೋದ ನನ್ನ ಮಾನದ ಮೇಲೆ. ಇದು ಆಗ ಹೊಳೆಯಲಿಲ್ಲ.

ಆಮೇಲೆ ಒಂದು ತಿಂಗಳು ಪುಟ್ಟಿ ಓದಲೇ ಇಲ್ಲ. ಸ್ಲೇಟು ತಂದರೆ ಹೊಟ್ಟೆನೋವು. ಪುಸ್ತಕ ತೆರೆದರೆ ಬಾಯಾರಿಕೆ. ನಾನೂ ಕೈಚೆಲ್ಲಿದೆ.

ನಮ್ಮ ಅಜ್ಜಿಗೆ ಅಕ್ಷರ ಬಾರದು. ಪಂಜೆ ಮಂಗೇಶರಾಯರ ಹಾವಿನ ಹಾಡನ್ನು ಅವರು ಎಳೆಯದರಲ್ಲಿ ಶಾಲೆಯ ಗೋಡೆಯ ಹೊರಗೆ ನಿಂತು ಕಿವಿಯಿಂದಲೇ ಕಲಿತವರು. ಗೋಡೆಯ ಒಳಗೆ ಹೋಗಲು ಮನೆಯ ಕೆಲಸ ಬಿಡಲಿಲ್ಲ. ಒಂದು ಮಧ್ಯಾಹ್ನ ಅವರು ಜಗಲಿಯಲ್ಲಿ ತೆಂಗಿನ ಗರಿಯ ಕಡ್ಡಿ ಹೆರೆದು ಹಿಡಿಸೂಡಿ ಕಟ್ಟುತ್ತಿದ್ದರು. ಪಕ್ಕದಲ್ಲಿ ಪುಟ್ಟಿಯ ದನಿ ಕೇಳಿ ಬಾಗಿಲ ಮರೆಯಲ್ಲಿ ನಿಂತೆ. ಅವಳು ಬೇರೊಂದು ಪುಸ್ತಕವನ್ನು ತೊಡೆಯ ಮೇಲಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು. “ಹು... ಲಿ. ಹುಲಿ ಪಂಡ ಪಿಲಿ, ಅಜ್ಜಿ.” ಅಜ್ಜಿ ಕಡ್ಡಿಯಿಂದ ಕಣ್ಣೆತ್ತದೆ “ಬೊಕ್ಕ?” ಎಂದರು. ಬೊಕ್ಕ ಎಂದರೆ ‘ಆಮೇಲೆ’. ಪುಟ್ಟಿ ಇನ್ನೊಂದು ಮಾತನ್ನು ತಡವಿದಳು, ತಪ್ಪಿದಳು, ಅರ್ಥ ಕೂಡದ್ದನ್ನು ಕಂಡು ತಾನೇ ಹಿಂದಕ್ಕೆ ಬಂದು ಮತ್ತೆ ಕೂಡಿಸಿದಳು. “ಬೊಕ್ಕ?” ಹೀಗೆಯೇ ಒಂದು ಪುಟ ಮುಗಿಯಿತು. ತಿದ್ದಲು ಅಜ್ಜಿಗೆ ಬರುತ್ತಿರಲಿಲ್ಲ. ಕಥೆ ಕೇಳುವ ಆಸೆ ಮಾತ್ರ ಇತ್ತು. ಆ ಕಥೆ ಅವರಿಗೆ ಸಿಕ್ಕಬೇಕಾದರೆ ಪುಟ್ಟಿ ಓದಲೇಬೇಕು.

ನಾನು ಒಳಗೆ ಹೋಗಿ ಸುಮ್ಮನೆ ಕುಳಿತೆ.

ಅಂದಿನಿಂದ ನನ್ನ ಮಾಸ್ತರಿಕೆಯ ವಿಧಾನವೇ ಬದಲಾಯಿತು. ಓದುವ ಹೊತ್ತು ಅಜ್ಜಿಯದು; ನನ್ನದು ಪುಸ್ತಕ ಒದಗಿಸುವ ಕೆಲಸ ಮತ್ತು, ಕೇಳಿದರೆ ಮಾತ್ರ, ಉತ್ತರ ಹೇಳುವ ಕೆಲಸ. ಕೇಳಿದ ಪ್ರಶ್ನೆಗಳೇನು ಸಾಮಾನ್ಯವೆ! “ನಾವು ಪಿಲಿ ಅಂದರೆ ಪುಸ್ತಕ ಹುಲಿ ಎನ್ನುತ್ತದೆ, ಪಕ್ಕಿ ಅಂದರೆ ಹಕ್ಕಿ, ಪೂ ಅಂದರೆ ಹೂ, ಪತ್ತ್ ಅಂದರೆ ಹತ್ತು. ಪುಸ್ತಕಕ್ಕೆ ಪ ಹೇಳಲು ಬರುವುದಿಲ್ಲವಾ?” ಎಂದು ಒಂದು ದಿನ ಕೇಳಿದಳು. ಆಗ ನಾನು ಪಿಯುಸಿ, ಉತ್ತರ ತಿಳಿಯಲಿಲ್ಲ. ಇಲ್ಲಿ ಹಳಗನ್ನಡದ ಪಾಠದಲ್ಲಿ ಪುಲಿ, ಪೂ, ಪೊಸ ಎಂಬ ಮಾತುಗಳು ಬಂದಾಗ, ಕನ್ನಡವೂ ಒಂದು ಕಾಲಕ್ಕೆ ಪಕಾರವನ್ನೇ ನುಡಿಯುತ್ತಿತ್ತು, ಮುಂದೆ ಅದು ಹಕಾರವಾಯಿತು ಎಂದು ನಮ್ಮ ಅಧ್ಯಾಪಕರು ವಿವರಿಸಿದರು. ಆರು ವರ್ಷದ ಹುಡುಗಿ ಜಗಲಿಯಲ್ಲಿ ಕುಳಿತು ಕಂಡುಕೊಂಡದ್ದು ಪದವಿ ತರಗತಿಯಲ್ಲಿ ನನಗೆ ಪಾಠವಾಗಿ ಬಂತು. ತುಳು ಮನೆಯ ಮಗುವಿಗೆ ಕನ್ನಡ ಪುಸ್ತಕ ಅರ್ಧ ಪರಭಾಷೆ. ಆದರೆ ಅರ್ಧ ಮಾತ್ರ. ಆ ಇನ್ನರ್ಧವನ್ನು ಯಾರಾದರೂ ತೋರಿಸಿಕೊಟ್ಟರೆ ಸಾಕು.

ಒತ್ತಕ್ಷರಗಳ ವಿಚಾರ ಮಾತ್ರ ಬಗೆಹರಿಯಲಿಲ್ಲ. ‘ಎಲ್ಲೂರು’ ಎಂಬುದನ್ನು ‘ಎಲೂರು’ ಎಂದೇ ಓದುತ್ತಿದ್ದಳು. ಬಸ್ಸಿನ ಹಲಗೆಗಳನ್ನು ಓದಿಸಲು ಹೊರಟರೆ ಪಡುಬಿದ್ರಿ, ಶಿರ್ವ, ಕಾರ್ಕಳ ಎಲ್ಲವೂ ತೊಡಕು. ಪಡುಬಿದ್ರಿಯಲ್ಲಿ ರಕಾರ ಕೆಳಗೆ ಇಳಿದು ನಿಂತರೆ ಶಿರ್ವದಲ್ಲಿ ಅದೇ ರಕಾರ ಕೊಕ್ಕೆಯಾಗಿ ಹಿಂದೆ ಹೋಗಿ ನಿಲ್ಲುತ್ತದೆ. ನಾಲಗೆ ಮೊದಲು ನುಡಿಯುವ ‘ರ್’ ಕಣ್ಣಿಗೆ ಕಡೆಗೆ ಕಾಣುತ್ತದೆ. ದೊಡ್ಡವರಾದ ನಮಗೆ ಇದು ವಿಚಿತ್ರವೆಂದು ತೋರುವುದೇ ಇಲ್ಲ.

ಇದಕ್ಕೆ ಮದ್ದು ಸಿಕ್ಕಿದ್ದು ಕಂಪ್ಯೂಟರಿನಲ್ಲಿ. 2022ರಲ್ಲಿ, ಮಂಗಳೂರಿನ ಕಚೇರಿಯೊಂದು ತೆಗೆದುಹಾಕಿದ ಹಳೆಯ ಕಂಪ್ಯೂಟರೊಂದನ್ನು ಮೂರೂವರೆ ಸಾವಿರ ರೂಪಾಯಿಗೆ ಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮೌಸನ್ನು ಕಂಡು ಪುಟ್ಟಿ “ಎಲಿ!” ಎಂದಳು. ತುಳುವಿನಲ್ಲಿ ಇಲಿಗೆ ಎಲಿ. ಹೆಸರೇನೋ ಸಲೀಸಾಗಿ ಬಂತು; ಆದರೆ ಆ ಎಲಿಯನ್ನು ಅಲುಗಿಸದೆ ಎರಡು ಸಲ ಬೇಗ ಬೇಗ ಒತ್ತಲು ಅವಳ ಪುಟ್ಟ ಕೈಗೆ ಒಂದು ವಾರ ಹಿಡಿಯಿತು. ಚಿತ್ರ ಬರೆಯುವ ಕಿಟಕಿಯಲ್ಲಿ ಮನೆ, ತೆಂಗಿನಮರ, ಹೊಗೆಯ ಕೊಳವೆ ಎಲ್ಲ ಬರೆದಳು. ಅಂತರ್ಜಾಲದ ಸಂಪರ್ಕ ಹಾಕಿಸಲಿಲ್ಲ; ಜಾಣತನದಿಂದಲ್ಲ, ದುಡ್ಡಿರಲಿಲ್ಲ.

ಕನ್ನಡ ಟೈಪು ಮಾಡಲು ‘ನುಡಿ’ಯನ್ನು ಹಾಕಿದೆ. ಅದರ ಕೀಲಿಮಣೆಯ ವಿನ್ಯಾಸ ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರದು. ಸರಕಾರವೂ ಅದನ್ನೇ ಒಪ್ಪಿಕೊಂಡಿದೆ. ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಇಡೀ ವರ್ಣಮಾಲೆ ಅಡಗಿದೆ. ಇಂಗ್ಲಿಷಿನ ಟಿ ಮತ್ತು ಡಿ ಕೀಲಿಗಳಲ್ಲಿ ತ, ದ ಕುಳಿತಿರುವುದರಿಂದ ಟಕಾರಕ್ಕೆ ಕ್ಯೂ ಕೀಲಿ, ಡಕಾರಕ್ಕೆ ಡಬ್ಲ್ಯು ಕೀಲಿ. ನಮ್ಮ ಕೆಲಸಕ್ಕೆ ಮುಖ್ಯವಾದದ್ದು ಎಫ್ ಕೀಲಿ. ಅದು ಅಕ್ಷರದಲ್ಲಿರುವ ಸ್ವರವನ್ನು ಕಳೆದು ಮುಂದಿನ ಅಕ್ಷರಕ್ಕೆ ಕೊಂಡಿ ಹಾಕುತ್ತದೆ. ಎಲ್ಲೂರು ಎಂದಾಗಬೇಕಾದರೆ ಎ, ಲ, ಕೊಂಡಿ, ಮತ್ತೆ ಲ, ಊಕಾರ, ರ, ಉಕಾರ ಎಂದು ಏಳು ಸಲ ಒತ್ತಬೇಕು. ಕೊಂಡಿ ಬಿಟ್ಟರೆ ‘ಎಲಲೂರು’ ಆಗುತ್ತದೆ. ಪುಟ್ಟಿ ನಾಲ್ಕೈದು ಸಲ ಎಲಲೂರಿಗೆ ಹೋಗಿ, ಕಡೆಗೊಮ್ಮೆ ಕೊಂಡಿ ಹಾಕಿದಳು. ಎರಡನೆಯ ಲಕಾರ ಸರಕ್ಕನೆ ಮೊದಲನೆಯದರ ಕೆಳಗೆ ಸರಿಯಿತು. “ಓ! ಕೆಳಗೆ ಇರುವುದು ಇನ್ನೊಂದು ಲ!” ಎಂದು ಕಿರುಚಿದಳು. ಆಮೇಲೆ ಕಾರ್ಕಳ. ಬಾಯಿಗೆ ಬಂದ ಕ್ರಮದಲ್ಲಿಯೇ ರ, ಕೊಂಡಿ, ಕ ಎಂದು ಒತ್ತಿದಾಗ ರಕಾರ ತಾನಾಗಿ ಕೊಕ್ಕೆಯಾಗಿ ಹಿಂದೆ ಹೋದದ್ದನ್ನು ಅಳಿಸಿ ಅಳಿಸಿ ಹತ್ತು ಸಲ ನೋಡಿದಳು. ನಾನು ವರ್ಷವೆಲ್ಲ ಬಾಯಿಂದ ಹೇಳಿದ್ದನ್ನು ಯಂತ್ರ ಒಂದು ಸಂಜೆಯಲ್ಲಿ ತೋರಿಸಿಕೊಟ್ಟಿತು. ಅದು ‘ತಪ್ಪು’ ಎಂದು ಒಮ್ಮೆಯೂ ಅರಚಲಿಲ್ಲವೆಂಬುದನ್ನೂ ನಾನು ಗಮನಿಸದೆ ಇರಲಿಲ್ಲ.

ಆ ಮಳೆಗಾಲದಲ್ಲಿ ಅಜ್ಜಿ ಹೇಳಿದ ಒಂದು ಕಥೆಯನ್ನು ಅವಳು ಟೈಪು ಮಾಡತೊಡಗಿದಳು. ಹದಿನಾಲ್ಕು ಸಾಲು ಆಗಿತ್ತು. ಗಾಳಿಗೆ ಹಲಸಿನ ಕೊಂಬೆಯೊಂದು ಮುರಿದು ತಂತಿಯ ಮೇಲೆ ಬಿತ್ತು. “ಕರೆಂಟ್ ಪೋಂಡು” ಎಂದರು ಅಜ್ಜಿ. 1200 ಮೆಗಾವಾಟು ಹುಟ್ಟುವ ಊರಿನಲ್ಲಿ ನಾವು ಚಿಮಿಣಿದೀಪ ಹುಡುಕಿದೆವು. ದೀಪ ಬಂದ ಮೇಲೆ ನೋಡಿದರೆ ಒಂದು ಸಾಲೂ ಇಲ್ಲ. ಉಳಿಸುವ ಕೀಲಿಯನ್ನು ಹೇಳಿಕೊಡಲು ನಾನು ಮರೆತಿದ್ದೆ. ಬೊಂಡದ ದಿನ ಅಳದಿದ್ದವಳು ಅಂದು ಅತ್ತಳು. ನಾನು ಏನು ಹೇಳಬೇಕೆಂದು ತಿಳಿಯದೆ, ಕಡೆಗೆ ಅಜ್ಜಿಯ ಮಾತನ್ನೇ ಕಡ ಪಡೆದು, “ಬೊಕ್ಕ?” ಎಂದೆ. ಮೂಗೊರೆಸಿಕೊಂಡು ಮತ್ತೆ ಶುರುಮಾಡಿದಳು. ಎರಡನೆಯ ಸಲ ಕಥೆ ಇಪ್ಪತ್ತು ಸಾಲಾಯಿತು. ಸಾಲಿಗೊಮ್ಮೆ ಉಳಿಸುವ ಕೀಲಿಯ ಸದ್ದೂ ಕೇಳುತ್ತಿತ್ತು.

ಸಂಚಿಕೆಯ ಸಂಪಾದಕರು ಈ ಸಲ ಕೈಬರಹ ಬೇಡ, ಟೈಪು ಮಾಡಿಯೇ ಕೊಡಬೇಕೆಂದು ಅಪ್ಪಣೆ ಮಾಡಿದ್ದಾರೆ. ನನ್ನ ಕಾಗದಗಳನ್ನು ನೋಡಿ ಟೈಪು ಮಾಡುತ್ತಿರುವವಳು ಪುಟ್ಟಿಯೇ. ಈ 2025ರಲ್ಲಿ ಅವಳು ಐದನೆಯ ತರಗತಿಯ ಕೊನೆಯಲ್ಲಿದ್ದಾಳೆ. ನನಗಿಂತ ವೇಗವಾಗಿ ಬೆರಳಾಡಿಸುತ್ತಾಳೆ. ಎಳನೀರಿನ ಪ್ರಸಂಗ ಬಂದಾಗ ಬೆರಳು ನಿಂತಿತು.

“ಮಾಮ, ಇದನ್ನೂ ಟೈಪು ಮಾಡಬೇಕಾ?”

“ಮಾಡು.”

ಮಾಡಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನಿಂತಳು. “ಒಂದು ತಿಂಗಳು ನಾನು ಓದಲೇ ಇಲ್ಲ ಅಂತ ಬರೆದಿದ್ದೀರಿ. ಅದು ಸರಿಯಲ್ಲ. ನಾನು ಮರುದಿನದಿಂದಲೇ ಅಜ್ಜಿಯ ಹತ್ತಿರ ಓದುತ್ತಿದ್ದೆ. ನಿಮಗೆ ಗೊತ್ತಾದದ್ದು ಒಂದು ತಿಂಗಳ ಮೇಲೆ. ತಿದ್ದಲಾ?”

ಬೇಡ, ಅಲ್ಲಿ ಇದ್ದ ಹಾಗೇ ಇರಲಿ, ನೀನು ಹೇಳಿದ್ದನ್ನು ಕೊನೆಯಲ್ಲಿ ಸೇರಿಸೋಣ ಎಂದೆ. ಬೇಗ ಮುಗಿಸಬೇಕಂತೆ. ಅಜ್ಜಿ ಜಗಲಿಯಲ್ಲಿ ಕಾದಿದ್ದಾರೆ. ಎಲ್ಲವನ್ನೂ ಅವರಿಗೆ ಓದಿಹೇಳಬೇಕು.