ಕೊನೆಯ ಕಿಟಕಿ

“ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ” ಎಂದು ಹೇಳಿ ವೈದ್ಯರು ಮುಂದಿನ ಮಂಚಕ್ಕೆ ಸರಿದರೆ, ಮಲಗಿದವನಿಗೆ ಮರಣಕ್ಕಿಂತ ಮೊದಲೇ ಒಂಟಿತನ ಬಂದೆರಗುತ್ತದೆ. ನಿಜವಾಗಿಯೂ ಏನೂ ಇಲ್ಲವೆ?

1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಡೇವಿಡ್ ತಾಸ್ಮಾ ಎಂಬ ಪೋಲೆಂಡಿನ ವಲಸಿಗನು ಕ್ಯಾನ್ಸರಿನಿಂದ ಸಾಯುತ್ತಿದ್ದನು. ಸಿಸಿಲಿ ಸಾಂಡರ್ಸ್ ಎಂಬಾಕೆ ಅವನ ಬಳಿ ಕುಳಿತು ಮಾತು ಕೇಳುತ್ತಿದ್ದರು. ಇಂಥವರು ನೆಮ್ಮದಿಯಿಂದ ಕಣ್ಣು ಮುಚ್ಚುವಂಥ ಮನೆಯೊಂದರ ಕನಸು ಅಲ್ಲಿ ಮೊಳೆಯಿತು. ಆ ಮನೆಗೆ ತಾನೊಂದು ಕಿಟಕಿಯಾಗುವೆನೆಂದು ಅವನು 500 ಪೌಂಡುಗಳನ್ನು ಬಿಟ್ಟುಹೋದನು.

ದಾದಿಯಾಗಿದ್ದ ಆಕೆ ಮತ್ತೆ ಓದಿ 1957ರಲ್ಲಿ ವೈದ್ಯೆಯಾದರು. ರೋಗಿಯು ನೋವಿನಿಂದ ಅಂಗಲಾಚಿದ ಮೇಲೆ ಮಾರ್ಫಿನ್ ಕೊಡುವುದು ಅಂದಿನ ವಾಡಿಕೆ. ಆಕೆಯಾದರೋ ಗಡಿಯಾರ ನೋಡಿ, ನೋವು ಮರಳುವ ಮುನ್ನವೇ ಕೊಡಿಸಿದರು. ಬೇಡುವ ದೈನ್ಯ ತಪ್ಪಿತು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆ ಮನೆಯೂ ಎದ್ದು ನಿಂತಿತು.

ಬೆಂಗಳೂರಿನ ಕರುಣಾಶ್ರಯವು ಹಿಡಿದದ್ದೂ ಇದೇ ದಾರಿ. ಆದರೆ ಎಲ್ಲರೂ ಅಂಥ ಮನೆಗಳನ್ನು ಸೇರಲಾರರು. ಹಲವರ ಕೊನೆಯ ದಿನಗಳು ಸಾಮಾನ್ಯ ವಾರ್ಡಿನಲ್ಲಿಯೇ ಕಳೆಯುತ್ತವೆ. ವೇಳೆಗೆ ಸರಿಯಾಗಿ ಔಷಧ, ಮಂಚದ ಪಕ್ಕದಲ್ಲಿ ಬಂಧುವಿಗೊಂದು ಸ್ಟೂಲು, ಒಣಗಿದ ತುಟಿಗೆ ಒದ್ದೆ ಹತ್ತಿ: ಇಷ್ಟನ್ನು ಒದಗಿಸಲಾರದಷ್ಟು ಬಡ ಆಸ್ಪತ್ರೆ ಯಾವುದು? ಕೊನೆಯ ಗಳಿಗೆಗೆಂದು ಗಂಗಾಜಲವನ್ನು ಕಾದಿರಿಸುವ ಮನೆಮಂದಿಯೂ ಅದಕ್ಕೆ ಮುಂಚಿನ ಬಾಯಾರಿಕೆಯನ್ನು ನೆನೆಯಬೇಕಲ್ಲವೆ?