ಮೊದಲ ಅಂಕಿಗಿಂತ ಕೊನೆಯ ಅಂಕಿ ಮುಖ್ಯ

ನಾನು ಓದಿದ್ದು ಪತ್ರಿಕೋದ್ಯಮ, ಕಂಪ್ಯೂಟರ್ ಅಲ್ಲ. ಆದರೂ ಊರಿಗೆ ಹೋದಾಗಲೆಲ್ಲ ಮನೆಯವರ ಫೋನ್ ನೋಡೋ ಕೆಲಸ ನನ್ನದೇ. ಹೋದ ಸಲ ಅಪ್ಪನ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ತೆರೆದೆ. 'ಕರ್ನಲ್ ವರ್ಷನ್' ಎಂಬ ಸಾಲಿನಲ್ಲಿ 4.19.191 ಅಂತಿತ್ತು.

"ಈಗ ಆರು ಬಂದಿದೆ ಅಂತೀಯ, ನಮ್ದು ಇನ್ನೂ ನಾಲ್ಕಾ?" ಅಂದರು ಅಪ್ಪ.

ಅದು ಲಿನಕ್ಸ್ ಕರ್ನಲ್‌ನ ನಂಬರು. ಆ್ಯಪ್‌ಗಳಿಗೂ ಫೋನಿನ ಮೆಮೊರಿ, ಪರದೆ, ಕ್ಯಾಮೆರಾಗಳಿಗೂ ಕೊಂಡಿಯಾಗಿ ತಳದಲ್ಲಿ ಕೆಲಸ ಮಾಡುವ ತಂತ್ರಾಂಶ ಅದು. ಅದರ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು.

1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಇದನ್ನು 0.01 ಎಂದು ಹೊರಬಿಟ್ಟರು. ಮುಂದಿನ ಸೊನ್ನೆಗೆ 'ಇನ್ನೂ ಪೂರ್ತಿಯಾಗಿಲ್ಲ' ಎಂದರ್ಥ. 1994ರಲ್ಲಿ 1.0 ಬಂತು. ಆಮೇಲೆ ಒಂದು ಪದ್ಧತಿ ಬೆಳೆಯಿತು: ಎರಡನೇ ಅಂಕಿ ಸಮಸಂಖ್ಯೆಯಾದರೆ ಎಲ್ಲರೂ ಬಳಸಬಹುದು, ಬೆಸವಾದರೆ ಇನ್ನೂ ಪ್ರಯೋಗದಲ್ಲಿದೆ. 2.4 ಬಳಕೆಗೆ, 2.5 ಪ್ರಯೋಗಕ್ಕೆ. ಆದರೆ 2001ರಲ್ಲಿ 2.4 ಬಂದ ಮೇಲೆ 2.6 ಬರುವಷ್ಟರಲ್ಲಿ 2003 ಮುಗಿಯುತ್ತಾ ಬಂದಿತ್ತು. ಹಾಗಾಗಿ ಆ ಪದ್ಧತಿಯನ್ನೇ ಕೈಬಿಟ್ಟರು. ಈಗ ಎರಡು ಮೂರು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತದೆ.

ಇನ್ನು ಮೊದಲ ಅಂಕಿ. 2011ರಲ್ಲಿ 2.6.39 ಆದ ಮೇಲೆ ಬಂದದ್ದು 3.0. ದೊಡ್ಡ ಬದಲಾವಣೆ ಏನೂ ಇರಲಿಲ್ಲ, ನಂಬರು ಉದ್ದವಾಗಿತ್ತು ಅಷ್ಟೇ. 2019ರಲ್ಲಿ 4.20 ಆದ ಮೇಲೆ 5.0 ಬಂದಾಗ, ಎಣಿಸೋಕೆ ಕೈಕಾಲಿನ ಬೆರಳು ಸಾಲಲಿಲ್ಲ ಎಂದು ಲಿನಸ್ ತಮಾಷೆ ಮಾಡಿದ್ದರು. 2022ರಲ್ಲಿ 5.19 ಆದ ಮೇಲೆ 6.0 ಬಂದದ್ದೂ ಹೀಗೆಯೇ.

ಹಾಗಾಗಿ ಅಪ್ಪನಿಗೆ ಹೇಳಿದೆ, "ನಾಲ್ಕು ಅಂತ ಚಿಂತೆ ಬೇಡ, ಕೊನೆಯ 191 ನೋಡಿ."

4.19 ಹೊರಬಂದದ್ದು 2018ರಲ್ಲಿ. ಆಮೇಲೆ ದೋಷ ಸರಿಪಡಿಸಿದ ಹಾಗೆಲ್ಲ ಕೊನೆಯ ಅಂಕಿ ಒಂದೊಂದೇ ಏರುತ್ತದೆ. ಕಳ್ಳರು ನುಗ್ಗಬಹುದಾದ ಕಂಡಿಗಳನ್ನು ಮುಚ್ಚುವುದೂ ಈ ರಿಪೇರಿಗಳಲ್ಲೇ. 4.19ರ ಲೆಕ್ಕ 325ರವರೆಗೆ ಹೋಗಿ, 2024ರ ಡಿಸೆಂಬರ್‌ನಲ್ಲಿ ನಿಂತಿತು. ಅಪ್ಪನ ಫೋನಿನಲ್ಲಿರುವುದು 191. ನಡುವೆ 134 ಸಲ ರಿಪೇರಿ ಆಗಿದೆ. ರಿಪೇರಿ ಮಾಡಿದವರು ಅದನ್ನು ಪುಕ್ಕಟೆ ಹಂಚಿದ್ದಾರೆ. ಅದನ್ನು ನಮ್ಮ ಫೋನಿಗೆ ತಲುಪಿಸಬೇಕಾದದ್ದು ಫೋನ್ ಮಾಡಿದ ಕಂಪನಿ. ಹಾಲಿನ ದುಡ್ಡು, ಬೆಳೆ ವಿಮೆಯ ಓಟಿಪಿ, ಯುಪಿಐ ಎಲ್ಲ ಆ ಫೋನಿನಲ್ಲೇ ಇದೆ.

ಕೆಲವು ಕಂಪನಿಗಳು ನಂಬರು ಬದಲಿಸದೆ ಮುಖ್ಯ ರಿಪೇರಿಗಳನ್ನಷ್ಟೇ ಸೇರಿಸುವುದೂ ಉಂಟು. ಅದಕ್ಕೇ ಸೆಟ್ಟಿಂಗ್ಸ್‌ನಲ್ಲಿರುವ 'ಸೆಕ್ಯುರಿಟಿ ಅಪ್‌ಡೇಟ್' ದಿನಾಂಕವನ್ನೂ ನೋಡಿ. ಅದು ವರ್ಷಗಟ್ಟಲೆ ಹಳೆಯದಾಗಿದ್ದರೆ ಆ ಫೋನಿನಲ್ಲಿ ಹಣದ ವ್ಯವಹಾರ ಕಡಿಮೆ ಮಾಡಿ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಅಂತ ಕೇಳುವುದರ ಜೊತೆಗೆ, ಎಷ್ಟು ವರ್ಷ ಅಪ್‌ಡೇಟ್ ಕೊಡ್ತೀರಿ ಅಂತಲೂ ಅಂಗಡಿಯವರನ್ನು ಕೇಳಿ.